ಬ್ಯಾಡಗಿ ಮೆಣಸಿನಕಾಯಿ ಕೊಳ್ಳುವ ಕಂಪನಿ ಯಾರ ಯಾರ ಕಷ್ಟಕ್ಕೆ ಹೊಣೆ?

ಹುಬ್ಬಳ್ಳಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯಿಂದ ಹೊರದೇಶಕ್ಕೆ ಮಾಲು ಕಳಿಸುವವರಿಗೆ ಕೆಲವು ವರ್ಷಗಳಿಂದ ಅಲ್ಲಿಯ ಕೊಳ್ಳುವ ಕಂಪನಿಗಳಿಂದ ಹೊಸ ಥರದ ಇ-ಮೇಲ್ ಬರುತ್ತಿದೆ. ರೇಟು ಎಷ್ಟು, ಲೋಡ್ ಯಾವಾಗ ಅಂತ ಕೇಳುವ ಮೇಲ್ ಅಲ್ಲ ಇದು. ನಿಮ್ಮಲ್ಲಿ ಬಾಲ ಕಾರ್ಮಿಕರು ಇದ್ದಾರಾ? ಕೂಲಿ ಹೇಗೆ ಕೊಡುತ್ತೀರಿ? ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯಾ? ಫ್ಯಾಕ್ಟರಿ ನೀರು ಎಲ್ಲಿಗೆ ಹೋಗುತ್ತದೆ? ಮಾಲು ಯಾವ ಊರ ಹೊಲದ್ದು? ಹೀಗೆ ಪುಟಗಟ್ಟಲೆ ಪ್ರಶ್ನೆ. ಜತೆಗೆ ಒಂದು ಕೋಡ್ ಆಫ್ ಕಂಡಕ್ಟ್, ಅಂದರೆ ಪಾಲಿಸಬೇಕಾದ ನಿಯಮಗಳ ಪಟ್ಟಿ, ಕೊನೆಯಲ್ಲಿ ಸಹಿಗೆ ಜಾಗ. ಬಹಳ ಜನ ಹೌದು, ಇಲ್ಲ ಅಂತ ಟಿಕ್ ಮಾಡಿ ಅವತ್ತೇ ಸಂಜೆ ವಾಪಸ್ ಕಳಿಸಿಬಿಡುತ್ತಾರೆ. ಕೇಳಿದವರ ಫೈಲೂ ತುಂಬಿತು, ಹೇಳಿದವರ ಆರ್ಡರೂ ಉಳಿಯಿತು.

ಆದರೆ ಈ ಪ್ರಶ್ನೆಗಳು ಸುಮ್ನೆ ಹುಟ್ಟಿದ್ದಲ್ಲ. ಇವುಗಳ ಹಿಂದೆ ಡ್ಯೂ ಡಿಲಿಜೆನ್ಸ್ ಎಂಬ ಜವಾಬ್ದಾರಿ ಇದೆ. ಯುರೋಪಿನ ಕೆಲವು ದೇಶಗಳಲ್ಲಿ ಅದು ಈಗ ಕಾನೂನು. ಬಿಡಿಸಿ ಹೇಳಿದರೆ ಇಷ್ಟೇ. ಒಂದು ಕಂಪನಿ ತಾನು ಮಾರುವ ಮಾಲು ಬರುವ ದಾರಿಯುದ್ದಕ್ಕೂ ಯಾರಿಗಾದರೂ ಹಾನಿಯಾಗುತ್ತಿದೆಯಾ, ನೆಲ ನೀರು ಕೆಡುತ್ತಿದೆಯಾ ಅಂತ ತಾನೇ ಹುಡುಕಬೇಕು. ಕಂಡರೆ ನಿಲ್ಲಿಸಬೇಕು. ನಿಜವಾಗಿ ನಿಂತಿತಾ ಅಂತ ಮತ್ತೆ ನೋಡಬೇಕು. ಆಗಿಹೋದ ಹಾನಿಗೆ ಪರಿಹಾರ ಸಿಗುವಂತೆ ಮಾಡಬೇಕು. ಏನೇನು ಮಾಡಿದೆ ಅಂತ ಎಲ್ಲರಿಗೂ ಗೊತ್ತಾಗುವಂತೆ ಹೇಳಬೇಕು. ರೈತ ಬಿತ್ತಿ ಬಂದು ಮನೆಯಲ್ಲಿ ಕೂರುವುದಿಲ್ಲ. ಹುಳ ಬಿತ್ತಾ, ತೇವ ಇದೆಯಾ ಅಂತ ಹೊಲಕ್ಕೆ ಹೋಗಿ ನೋಡುತ್ತಲೇ ಇರುತ್ತಾನೆ. ಇದೂ ಹಾಗೆಯೇ ನಡೆಯುತ್ತಿರಬೇಕಾದ ಕೆಲಸ. ವರ್ಷಕ್ಕೊಮ್ಮೆ ಫಾರಂ ತುಂಬಿದರೆ ಮುಗಿಯುವುದಿಲ್ಲ.

ಇಂಥ ಫಾರಂಗಳನ್ನು ತುಂಬಿಸುವ, ಅದಕ್ಕಾಗಿ ಗೋದಾಮು ಮತ್ತು ಫ್ಯಾಕ್ಟರಿ ಸುತ್ತುವ ಕೆಲಸದಲ್ಲಿ ನಾನಿದ್ದೇನೆ. ಅದರಿಂದ ನನಗೆ ಗಟ್ಟಿಯಾಗಿ ಅನಿಸಿರುವುದು ಒಂದೇ. ಈ ಪ್ರಶ್ನೆಗಳಲ್ಲಿ ಬಹುಪಾಲಿಗೆ ಉತ್ತರ ಇರುವುದು ಕೇಳಿಸಿಕೊಂಡವರ ಹತ್ತಿರ ಅಲ್ಲ, ಕೇಳಿದ ಕಂಪನಿಯ ಖರೀದಿ ವಿಭಾಗದಲ್ಲಿ. ಅವರು ಯಾವ ರೇಟಿಗೆ ಕೊಳ್ಳುತ್ತಾರೆ, ಎಷ್ಟು ದಿನದಲ್ಲಿ ಮಾಲು ಬೇಕು ಅನ್ನುತ್ತಾರೆ, ದುಡ್ಡು ಯಾವಾಗ ಕೊಡುತ್ತಾರೆ ಅನ್ನುವುದನ್ನು ಬಿಟ್ಟು ಮಾತಾಡಿದರೆ ಅರ್ಧ ಸತ್ಯವೂ ಹೊರಗೆ ಬರುವುದಿಲ್ಲ.

ಒಂದು ಚೀಲದ ದಾರಿ

ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡೋಣ. ಖಾರ ಕಮ್ಮಿ, ಬಣ್ಣ ಜಾಸ್ತಿ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಡಬ್ಬಿ, ಕಡ್ಡಿ ಎರಡೂ ತಳಿಗೆ ಬೇಡಿಕೆ ಇರುವುದು ಅಡುಗೆಮನೆಯಿಂದ ಮಾತ್ರ ಅಲ್ಲ. ಕಾಯಿಯಿಂದ ಓಲಿಯೊರೆಸಿನ್ ಎಂಬ ಕಡುಗೆಂಪು ಎಣ್ಣೆಯಂಥ ಸತ್ವ ತೆಗೆಯುತ್ತಾರೆ. ಅದು ಸಾಸ್, ಚಿಪ್ಸ್, ಮಾಂಸದ ತಿನಿಸು, ಲಿಪ್‌ಸ್ಟಿಕ್ ತನಕ ಹೋಗುತ್ತದೆ.

ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಹೆಚ್ಚು ಚೀಲ ಬರುತ್ತದೆ. ಕುಂದಗೋಳ, ಗದಗ, ಹಾವೇರಿಯ ಕಾಯಿ ಮಾತ್ರ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿಯೂ ಇಲ್ಲಿಗೇ ಬರುತ್ತದೆ. ರೈತ ದಲಾಲರ ಅಂಗಡಿಯ ಮುಂದೆ ಲಾಟ್ ಇಳಿಸುತ್ತಾನೆ. ಖರೀದಿದಾರರು ಚೀಲದ ಬಾಯಿ ಬಿಚ್ಚಿ, ಕಾಯಿ ಮುರಿದು, ಬಣ್ಣ ನೋಡಿ, ತೇವ ನೋಡಿ ಟೆಂಡರ್ ಹಾಕುತ್ತಾರೆ. ತೂಕ ಆಗುತ್ತದೆ, ಪಟ್ಟಿ ಆಗುತ್ತದೆ. ಆ ಪಟ್ಟಿಯಲ್ಲಿ ರೈತನ ಹೆಸರು ಇದೆ, ಊರು ಇದೆ. ಇಲ್ಲಿಯ ತನಕ ಮಾಲು ಯಾರದು ಅಂತ ಗೊತ್ತು.

ಮುಂದೆ ಏನಾಗುತ್ತದೆ? ಖರೀದಿದಾರ ಹತ್ತಾರು ರೈತರ ಲಾಟ್ ಕೊಂಡಿರುತ್ತಾನೆ. ಬಣ್ಣ ನೋಡಿ ವಿಂಗಡಿಸುತ್ತಾನೆ, ಬೆರೆಸುತ್ತಾನೆ, ಕೋಲ್ಡ್ ಸ್ಟೋರೇಜ್‌ಗೆ ಹಾಕುತ್ತಾನೆ. ತಿಂಗಳುಗಟ್ಟಲೆ ಆದಮೇಲೆ ಅದು ಪುಡಿ ಮಾಡುವ ಇಲ್ಲವೇ ಸತ್ವ ತೆಗೆಯುವ ಫ್ಯಾಕ್ಟರಿಗೆ ಹೋಗುತ್ತದೆ. ಬೆರೆಸಿದ ಆ ಗಳಿಗೆಯಲ್ಲೇ ರೈತನ ಹೆಸರು ಕಳೆದುಹೋಯಿತು. ಜರ್ಮನಿಯ ಕಂಪನಿ ಮಾಲು ಯಾವ ಹೊಲದ್ದು ಅಂತ ಕೇಳಿದಾಗ ರಫ್ತುದಾರ ತಬ್ಬಿಬ್ಬಾಗುವುದು ಇದಕ್ಕೇ. ಅವನು ಏನನ್ನೂ ಮುಚ್ಚಿಡುತ್ತಿಲ್ಲ. ಅವನಿಗೇ ಗೊತ್ತಿಲ್ಲ. ಲಾಟ್‌ವಾರು ಬೇರೆ ಇಡಬೇಕು ಅಂದರೆ ಜಾಗ ಬೇಕು, ಆಳು ಬೇಕು, ಲೆಕ್ಕ ಬೇಕು. ಅದರ ಖರ್ಚು ಯಾರದು ಅಂತ ಆ ಮೇಲ್‌ನಲ್ಲಿ ಬರೆದಿರುವುದಿಲ್ಲ.

ಈ ನಡುವೆ ತೊಟ್ಟು ಬಿಡಿಸುವ ಕೆಲಸ ಇದೆಯಲ್ಲ, ಅದನ್ನು ಹತ್ತಿರದಿಂದ ನೋಡಬೇಕು. ಗೋದಾಮಿನ ನೆಲದ ಮೇಲೆ ಕಾಯಿ ಗುಡ್ಡೆ. ಸುತ್ತ ಹೆಣ್ಣುಮಕ್ಕಳು. ಮೂಗು ಬಾಯಿಗೆ ಸೆರಗು, ಇಲ್ಲ ಹಳೆ ಟವೆಲ್. ಘಾಟಿಗೆ ಹೊರಗಿನವರು ಒಳಗೆ ಐದು ನಿಮಿಷ ನಿಲ್ಲುವುದು ಕಷ್ಟ. ಇವರು ಇಡೀ ದಿನ ಕೂರುತ್ತಾರೆ. ಕೂಲಿ ಕಿಲೋ ಲೆಕ್ಕ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮಗಳೂ ಬಂದು ಅವ್ವನ ಪಕ್ಕ ಕೂರುತ್ತಾಳೆ. ಅವಳು ಬಿಡಿಸಿದ್ದು ಅವ್ವನ ತೂಕಕ್ಕೇ ಸೇರುತ್ತದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇರುವುದಿಲ್ಲ. ಹಾಗಾಗಿ ಬಾಲ ಕಾರ್ಮಿಕರು ಇದ್ದಾರೆಯೇ ಎಂಬ ಪ್ರಶ್ನೆಗೆ ಮಾಲೀಕ 'ಇಲ್ಲ' ಅಂತ ಬರೆದರೆ ಅವನ ಪುಸ್ತಕದ ಪ್ರಕಾರ ಅದು ಸರಿ. ಕಾನೂನು ಬೇರೆಯದೇ ಹೇಳುತ್ತದೆ. 2016ರ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನ ಮಕ್ಕಳು ಶಾಲೆ ಬಿಟ್ಟ ಮೇಲೆ ತಮ್ಮ ಕುಟುಂಬದ ಕಸುಬಿಗೆ ಕೈಜೋಡಿಸಬಹುದು ಅಷ್ಟೇ. ಬೇರೆಯವರ ಗೋದಾಮು ಕುಟುಂಬದ ಕಸುಬು ಅಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ.

ಆ ಹುಡುಗಿ ಯಾಕೆ ಬಂದಳು? ಕಿಲೋಗೆ ಸಿಗುವ ಕೂಲಿ ಎರಡು ಕೈಗೆ ಸಾಲುವುದಿಲ್ಲ, ನಾಲ್ಕು ಕೈ ಬೇಕು. 'ಮಕ್ಕಳನ್ನು ಒಳಗೆ ಬಿಡಬೇಡಿ' ಅಂತ ಬಾಗಿಲಿಗೆ ಬೋರ್ಡ್ ಹಾಕಿದರೆ ಅವಳು ಆ ಗೋದಾಮಿಗೆ ಬರುವುದಿಲ್ಲ, ಬೋರ್ಡ್ ಇಲ್ಲದ ಇನ್ನೊಂದಕ್ಕೆ ಹೋಗುತ್ತಾಳೆ. ಇಲ್ಲವೇ ಅವ್ವ ಚೀಲವನ್ನೇ ಮನೆಗೆ ತರುತ್ತಾಳೆ. ಕಿಲೋ ಕೂಲಿಯ ಲೆಕ್ಕವನ್ನು ಮುಟ್ಟದೆ ಈ ಸಮಸ್ಯೆಯನ್ನು ಮುಟ್ಟಲು ಆಗುವುದಿಲ್ಲ.

ಅಪಾಯ ಯಾರಿಗೆ?

ಕಂಪನಿಗಳಲ್ಲಿ 'ರಿಸ್ಕ್' ಅಂದರೆ ಸಾಮಾನ್ಯವಾಗಿ ಕಂಪನಿಗೆ ಆಗುವ ನಷ್ಟ. ಕೇಸ್ ಬಿದ್ದೀತಾ, ಹೆಸರು ಕೆಟ್ಟೀತಾ, ಕಂಟೇನರ್ ವಾಪಸ್ ಬಂದೀತಾ ಅನ್ನುವ ಲೆಕ್ಕ. ಡ್ಯೂ ಡಿಲಿಜೆನ್ಸ್ ಈ ಲೆಕ್ಕವನ್ನು ತಿರುಗಿಸುತ್ತದೆ. ಇಲ್ಲಿ ಅಪಾಯ ಅಂದರೆ ಜನರಿಗೆ ಮತ್ತು ಪರಿಸರಕ್ಕೆ ಇರುವ ಅಪಾಯ. ಈ ಒಂದು ವಿಷಯ ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಕೀಟನಾಶಕದ ಉದಾಹರಣೆ ತಗೊಳ್ಳಿ. ಯುರೋಪಿಗೆ ಹೋಗುವ ಮೆಣಸಿನಕಾಯಿಯಲ್ಲಿ ಯಾವ ಔಷಧ ಎಷ್ಟು ಉಳಿದಿರಬಹುದು ಅಂತ ಮಿತಿ ಇದೆ. ಅದಕ್ಕಾಗಿ ಲ್ಯಾಬ್ ಪರೀಕ್ಷೆ ನಡೆಯುತ್ತದೆ. ಮಿತಿ ಮೀರಿದರೆ ಮಾಲು ವಾಪಸ್. ಹಾಗಾಗಿ ಕಂಪನಿಗಳು ಈ ಪರೀಕ್ಷೆಗೆ ಧಾರಾಳವಾಗಿ ಖರ್ಚು ಮಾಡುತ್ತವೆ. ತಿನ್ನುವವರಿಗೆ ಇದರಿಂದ ರಕ್ಷಣೆ ಸಿಗುತ್ತದೆ, ಒಳ್ಳೆಯದೇ. ಆದರೆ ಬೆನ್ನಿಗೆ ಪಂಪ್ ಕಟ್ಟಿಕೊಂಡು, ಬರಿಗಾಲಲ್ಲಿ, ಸೆಕೆಗೆ ಅಂಗಿ ಗುಂಡಿ ಬಿಚ್ಚಿ ಅದೇ ಔಷಧ ಹೊಡೆದ ಕೂಲಿಯವನ ರಕ್ತ ಯಾವ ಲ್ಯಾಬ್‌ಗೆ ಹೋಯಿತು? ಕೊಯ್ಲಿಗೆ ಮೊದಲು ಸಾಕಷ್ಟು ದಿನ ಬಿಟ್ಟರೆ ಕಾಯಿಯಲ್ಲಿ ಔಷಧ ಇಳಿದುಹೋಗುತ್ತದೆ, ಪರೀಕ್ಷೆಯಲ್ಲಿ ಪಾಸ್. ಹೊಡೆದವನ ಮೈಗೆ ಅದು ಅವತ್ತೇ ಸೇರಿಬಿಟ್ಟಿರುತ್ತದೆ.

ಇದು ಬರೀ ಊಹೆಯ ಮಾತಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷ ಏರಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ನಮ್ಮ ಸೀಮೆಯ ಕಪ್ಪು ಮಣ್ಣಿನ ಹತ್ತಿ ಹೊಲದಲ್ಲೂ ಔಷಧ ಹೊಡೆಯುವ ರೀತಿ ಬೇರೆಯೇನಲ್ಲ. ಇಲ್ಲಿಯ ಬಿಸಿಲಿಗೆ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಯಾರೂ ಹೊಡೆಯಲಾರರು. ಕಿಟ್ ಹಂಚಿ ಫೋಟೋ ತೆಗೆದರೆ ಸಾಲದು ಅನ್ನುವುದು ಅದಕ್ಕೇ. ಹೆಚ್ಚು ವಿಷದ ಔಷಧದ ಬದಲು ಬೇರೆ ದಾರಿ ಬೇಕು, ಅದನ್ನು ಹೊಲಕ್ಕೆ ಬಂದು ಕಲಿಸುವವರು ಬೇಕು, ಹಾಗೆ ಬೆಳೆದ ಕಾಯಿಗೆ ನಾಲ್ಕು ದುಡ್ಡು ಜಾಸ್ತಿ ಬೇಕು.

ಎಲ್ಲವನ್ನೂ ಒಟ್ಟಿಗೇ ಸರಿ ಮಾಡಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಯಾವುದು ಮೊದಲು ಅಂತ ಆರಿಸಬೇಕು. ಇದಕ್ಕೆ ವಿಶ್ವಸಂಸ್ಥೆಯ ಮಾರ್ಗದರ್ಶಿ ತತ್ವಗಳು ಮೂರು ವಿಷಯ ನೋಡಿ ಅನ್ನುತ್ತವೆ: ಹಾನಿ ಎಷ್ಟು ದೊಡ್ಡದು, ಎಷ್ಟು ಜನಕ್ಕೆ, ಮತ್ತು ಆದ ಮೇಲೆ ಸರಿಪಡಿಸಲು ಆಗುತ್ತದಾ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಓವರ್‌ಟೈಮ್ ದುಡ್ಡು ಕಮ್ಮಿ ಕೊಟ್ಟಿದ್ದರೆ ಮುಂದಿನ ತಿಂಗಳು ಸೇರಿಸಿ ಕೊಡಬಹುದು. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ ಹುಡುಗಿಗೆ ಆ ವರ್ಷಗಳನ್ನು ಯಾರೂ ವಾಪಸ್ ಕೊಡಲಾರರು. ಆದರೂ ನಾನು ನೋಡಿದ ಎಷ್ಟೋ ಪ್ರಶ್ನಾವಳಿಗಳಲ್ಲಿ ಬೆಂಕಿ ನಂದಿಸುವ ಸಿಲಿಂಡರ್‌ಗೂ ಶಾಲೆ ಬಿಟ್ಟ ಮಗುವಿಗೂ ಒಂದೇ ಅಂಕ.

ಆಡಿಟ್ ಪಾಸಾದ ಕಟ್ಟಡಗಳು

ಸಿಲಿಂಡರ್ ಮುಖ್ಯ ಅಲ್ಲ ಅಂತಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಗಾರ್ಮೆಂಟ್ ಫ್ಯಾಕ್ಟರಿಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರ ಮೊದಲು ಆ ಫ್ಯಾಕ್ಟರಿಗೆ ಕೆಲಸದ ಜಾಗ, ಕಾರ್ಮಿಕರ ಸ್ಥಿತಿ ಸರಿ ಇದೆ ಎನ್ನುವ ಎಸ್‌ಎ 8000 ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು. ಮುಂದಿನ ವರ್ಷ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿನ ಅಂತಸ್ತಿನ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ ಕೆಲಸದವರನ್ನು ಮಾತ್ರ ಮಾರನೇ ದಿನ ಕರೆಸಿದರು.

ಆಡಿಟ್, ಅಂದರೆ ಫ್ಯಾಕ್ಟರಿಯ ತಪಾಸಣೆ, ಹೇಗೆ ನಡೆಯುತ್ತದೆ ಅಂತ ನೋಡಿದವರಿಗೆ ಇದು ಅಷ್ಟೇನೂ ಆಶ್ಚರ್ಯ ಅನಿಸುವುದಿಲ್ಲ. ದಿನಾಂಕ ಮೊದಲೇ ಗೊತ್ತಿರುತ್ತದೆ. ಆಡಿಟರ್‌ಗೆ ದುಡ್ಡು ಕೊಡುವುದು ಬಹಳ ಸಲ ಫ್ಯಾಕ್ಟರಿಯವರೇ. ನಮ್ಮ ಕಡೆಯ ಒಂದು ಘಟಕದಲ್ಲಿ ಆಡಿಟ್ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬ ಹೆಂಗಸು ನಲ್ಲಿ ಹತ್ತಿರ ಕೈ ತೊಳೆಯುತ್ತ ನನಗೆ ಹೇಳಿದಳು: "ಎಂಟು ತಾಸ ಕೆಲಸ ಅಂತ ಹೇಳ್ರಿ ಅಂದಿದ್ರರೀ ಅಕ್ಕಾರ. ಖರೇ ಹೇಳಿದ್ರ ನಾಳೆ ಕರಿಯೂದಿಲ್ಲ." ಅವಳಿಗೆ ತನ್ನ ಹಕ್ಕು ಗೊತ್ತಿತ್ತು. ಅದನ್ನು ಹೇಳಿಕೊಂಡ ಮೇಲೂ ಕೆಲಸ ಉಳಿಯುತ್ತದೆ ಎಂಬ ಭರವಸೆ ಮಾತ್ರ ಇರಲಿಲ್ಲ. ಅದನ್ನು ಕೊಡಬೇಕಾದವರು ಖರೀದಿಸುವ ಕಂಪನಿಯವರು. ಸತ್ಯ ಹೊರಬಿದ್ದರೆ ಆರ್ಡರ್ ರದ್ದು ಅಂತ ಅವರು ಹೆದರಿಸಿರುವ ತನಕ ಮಾಲೀಕನೂ ಬಾಯಿ ಬಿಡುವುದಿಲ್ಲ, ಕೂಲಿಯವರೂ ಬಿಡುವುದಿಲ್ಲ.

ರಾಣಾ ಪ್ಲಾಜಾ ಆದ ಮೇಲೆ ಒಂದು ಒಳ್ಳೆಯ ಬದಲಾವಣೆ ಬಂತು. 2013ರ ಮೇ ತಿಂಗಳಲ್ಲಿ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳು 'ಅಕಾರ್ಡ್' ಎಂಬ ಒಪ್ಪಂದ ಮಾಡಿಕೊಂಡವು. ಅದು ಕಾನೂನಿನ ಬಲ ಇದ್ದ ಒಪ್ಪಂದ. ಸ್ವತಂತ್ರ ಎಂಜಿನಿಯರ್‌ಗಳು ಕಟ್ಟಡ ನೋಡಿದರು, ವರದಿಗಳನ್ನು ಬಹಿರಂಗ ಮಾಡಿದರು. ದುರಸ್ತಿ ಮಾಡಲು ಫ್ಯಾಕ್ಟರಿಗೆ ದುಡ್ಡಿನ ಅನುಕೂಲ ಇರುವಂತೆ ನೋಡಿಕೊಳ್ಳುವುದು ಬ್ರ್ಯಾಂಡ್‌ಗಳ ಹೊಣೆ ಆಯಿತು. ಕೆಳಗಿನವರಿಗೆ ಷರತ್ತು ಹಾಕಿ ಕೈತೊಳೆದುಕೊಳ್ಳುವ ರೂಢಿ ಅಲ್ಲಿ ಸ್ವಲ್ಪ ಮುರಿಯಿತು.

ಯಾರ ಪಾಲು ಎಷ್ಟು

ಡ್ಯೂ ಡಿಲಿಜೆನ್ಸ್ ಕಾನೂನುಗಳ ತಳಪಾಯ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರ ಜೂನ್‌ನಲ್ಲಿ ಒಪ್ಪಿದ ಮಾರ್ಗದರ್ಶಿ ತತ್ವಗಳು. ಜಾನ್ ರಗ್ಗಿ ಎಂಬ ವಿದ್ವಾಂಸರು ವರ್ಷಗಟ್ಟಲೆ ಚರ್ಚಿಸಿ ಸಿದ್ಧಪಡಿಸಿದ 31 ತತ್ವಗಳು ಅವು. ಜನರ ಹಕ್ಕು ಕಾಯುವುದು ಸರ್ಕಾರದ ಕೆಲಸ, ಆ ಹಕ್ಕಿಗೆ ಧಕ್ಕೆ ತರದೆ ಇರುವುದು ಕಂಪನಿಯ ಹೊಣೆ, ಧಕ್ಕೆಯಾದವರಿಗೆ ಪರಿಹಾರದ ದಾರಿ ಇರಲೇಬೇಕು ಎಂಬುದು ಅದರ ಸಾರ. ಸರ್ಕಾರ ಸುಮ್ಮನಿದೆ ಅಂತ ಕಂಪನಿಯ ಹೊಣೆ ತಪ್ಪುವುದಿಲ್ಲ.

ಅದರಲ್ಲಿ ನನಗೆ ಬಹಳ ಉಪಯೋಗ ಅನಿಸಿದ್ದು ಕಂಪನಿಯ ಪಾಲನ್ನು ಅಳೆಯುವ ರೀತಿ. ಸತ್ವ ತೆಗೆಯುವ ಫ್ಯಾಕ್ಟರಿ ತನ್ನ ಕೊಳಕು ನೀರನ್ನು ಹಳ್ಳಕ್ಕೆ ಬಿಟ್ಟರೆ ಹಾನಿ ಮಾಡಿದ್ದು ಅದೇ. ನಿಲ್ಲಿಸಬೇಕು, ಪರಿಹಾರವನ್ನೂ ಕೊಡಬೇಕು. ಇನ್ನು, ಹೊರದೇಶದ ಕಂಪನಿ ತಿಂಗಳಿಗೆ ಕೊಡಬೇಕಾದ ಮಾಲನ್ನು ವಾರದಲ್ಲಿ ಕೊಡಿ ಅಂದಿತು, ರೇಟನ್ನೂ ಇಳಿಸಿತು ಅಂತಿಟ್ಟುಕೊಳ್ಳಿ. ಇಲ್ಲಿಯ ಮಾಲೀಕ ಹೆಂಗಸರನ್ನು ರಾತ್ರಿ ಹತ್ತರ ತನಕ ಕೂರಿಸಿದ. ತಪ್ಪು ಮಾಲೀಕನದು ಮಾತ್ರ ಅಲ್ಲ, ಕಂಪನಿಯದೂ ಪಾಲು ಇದೆ. ಅದು ತನ್ನ ಖರೀದಿ ರೀತಿ ಬದಲಿಸಬೇಕು, ಪರಿಹಾರದಲ್ಲಿ ತನ್ನ ಪಾಲು ಹಾಕಬೇಕು. ಮೂರನೆಯದು, ಕಂಪನಿ ಏನೂ ಮಾಡಿಲ್ಲ, ಆದರೆ ಅದರ ಪ್ಯಾಕೆಟ್‌ಗೆ ಹೋಗುವ ಕಾಯಿಯನ್ನು ನಾಲ್ಕು ಹಂತ ಕೆಳಗೆ ಮಗುವೊಂದು ಬಿಡಿಸಿದೆ. ಹಾನಿಗೆ ಅದು ನೇರ ಕಾರಣ ಅಲ್ಲ, ಆದರೂ ನಂಟು ಇದೆ. ಆಗ ತನ್ನ ಪ್ರಭಾವ ಬಳಸಿ ಅದನ್ನು ನಿಲ್ಲಿಸಲು ನೋಡಬೇಕು. ಒಬ್ಬರಿಂದ ಆಗದಿದ್ದರೆ ಅದೇ ಮಾರುಕಟ್ಟೆಯಲ್ಲಿ ಕೊಳ್ಳುವ ಇತರರ ಜತೆ ಸೇರಬೇಕು. ವ್ಯವಹಾರ ಕಡಿದುಕೊಂಡು ಹೋಗುವುದು ಕಟ್ಟಕಡೆಯ ದಾರಿ. ಕಡಿದುಕೊಂಡರೆ ಕಂಪನಿಯ ಕೈ ಶುದ್ಧ ಆಗಬಹುದು, ಆ ಮಗುವಿನ ಅವ್ವನಿಗೆ ಇದ್ದ ಕೂಲಿಯೂ ಹೋಗುತ್ತದೆ.

ಬೀಜದ ಪ್ಲಾಟ್‌ಗಳಲ್ಲಿ ಈ ಎರಡನೇ ಬಗೆಯ ಪಾಲು ಸ್ಪಷ್ಟವಾಗಿ ಕಾಣುತ್ತದೆ. ಹೈಬ್ರಿಡ್ ಹತ್ತಿಗೂ ಧಾರವಾಡಕ್ಕೂ ಹಳೆಯ ನಂಟು. ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ ಹತ್ತಿ ತಳಿ ವಿಜ್ಞಾನಿ ಡಾ. ಕಟರಕಿ ಅವರು ಇಲ್ಲಿ ತಯಾರಿಸಿದ 'ವರಲಕ್ಷ್ಮಿ' 1972ರಲ್ಲಿ ರೈತರಿಗೆ ಸಿಕ್ಕಿತು. ರಾಣೆಬೆನ್ನೂರು ಸುತ್ತಮುತ್ತ ಇವತ್ತಿಗೂ ಹತ್ತಿ, ತರಕಾರಿ ಬೀಜೋತ್ಪಾದನೆ ದೊಡ್ಡ ಕಸುಬು. ಈ ಬೀಜ ಆಗುವುದು ಕೈಯಿಂದ. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ಕೀಳಬೇಕು. ಮಾರನೇ ಬೆಳಿಗ್ಗೆ ಬೇರೆ ಗಿಡದ ಹೂವಿನ ಪರಾಗ ತಂದು ಒಂದೊಂದು ಹೂವಿಗೂ ಸವರಬೇಕು. ಇದನ್ನೇ ಕ್ರಾಸಿಂಗ್ ಅನ್ನುತ್ತಾರೆ. ಇವತ್ತು ಬಿಟ್ಟ ಹೂವು ನಾಳೆಗೆ ಸಿಗುವುದಿಲ್ಲ. ಹಾಗಾಗಿ ಸೀಸನ್ ಮುಗಿಯುವ ತನಕ ಒಂದು ದಿನವೂ ತಪ್ಪಿಸುವಂತಿಲ್ಲ. ಬೀಜದ ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯೇ. ಬೀಜದ ಖರೀದಿ ದರ ನಿಗದಿ ಮಾಡುವುದು ಕಂಪನಿ. ಆ ದರದಲ್ಲಿ ದೊಡ್ಡವರ ಕೂಲಿ ಗಿಟ್ಟದಿದ್ದರೆ ರೈತ ಏನು ಮಾಡುತ್ತಾನೆ? ಕಮ್ಮಿ ಕೂಲಿಯ ಕೈ ಹುಡುಕುತ್ತಾನೆ. ಅವು ಹುಡುಗಿಯರ ಕೈ. ಆಂಧ್ರ, ಗುಜರಾತ್, ಕರ್ನಾಟಕದ ಹತ್ತಿ ಬೀಜದ ಹೊಲಗಳಲ್ಲಿ ಮಕ್ಕಳ ದುಡಿಮೆ ಬಗ್ಗೆ ಬಂದ ಅಧ್ಯಯನಗಳು ಈ ಸರಪಳಿಯನ್ನು ಮತ್ತೆ ಮತ್ತೆ ತೋರಿಸಿವೆ. ಆಂಧ್ರದಲ್ಲಿ 2005ರ ಸುಮಾರಿಗೆ, ಸಂಘಟನೆಗಳ ಒತ್ತಡದ ಮೇಲೆ, ಕೆಲವು ಬೀಜ ಕಂಪನಿಗಳು ಮಕ್ಕಳನ್ನು ದುಡಿಸದ ರೈತರಿಗೆ ದರದ ಮೇಲೆ ಶೇ. 5ರಷ್ಟು ಹೆಚ್ಚುವರಿ ಕೊಡಲು ಶುರು ಮಾಡಿದವು. ಅದು ಸಾಕಾಗಿತ್ತಾ ಅನ್ನುವುದು ಬೇರೆ ಮಾತು. ಆದರೆ ಬಾಲ ಕಾರ್ಮಿಕ ಪದ್ಧತಿಯನ್ನು ದರದ ಪ್ರಶ್ನೆ ಅಂತ ಕಂಪನಿಗಳೇ ಒಪ್ಪಿಕೊಂಡವಲ್ಲ, ಅದು ದೊಡ್ಡದು.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ದರ ಕುಸಿಯಿತು ಅಂತ ರೈತರು ರೊಚ್ಚಿಗೆದ್ದರು, ಎಪಿಎಂಸಿ ಕಚೇರಿ ಮುಂದೆ ವಾಹನಗಳು ಸುಟ್ಟವು. ಅದನ್ನು ಎಲ್ಲರೂ ಕಾನೂನು ಸುವ್ಯವಸ್ಥೆಯ ಸಮಸ್ಯೆ ಅಂತಲೇ ನೋಡಿದರು. ಬ್ಯಾಡಗಿಯ ಬಣ್ಣದಿಂದ ವ್ಯಾಪಾರ ಮಾಡುವ ಯಾವ ಕಂಪನಿಗಾದರೂ ಅದು ಪೂರೈಕೆ ಸರಪಳಿಯ ಸುದ್ದಿಯೂ ಹೌದು. ಬೆಳೆದವನಿಗೆ ಖರ್ಚೂ ಗಿಟ್ಟದ ವರ್ಷ ಕೂಲಿ, ಔಷಧ, ಮಕ್ಕಳ ಶಾಲೆ ಎಲ್ಲದರ ಮೇಲೂ ಅದರ ಪೆಟ್ಟು ಬೀಳುತ್ತದೆ.

ಕುಸನೂರಿನಲ್ಲಿ ಯಾರೂ ಕೇಳಲಿಲ್ಲ

ಪರಿಸರದ ವಿಷಯಕ್ಕೆ ಬಂದರೆ ಹೊರಗಿನ ಉದಾಹರಣೆ ಬೇಕಿಲ್ಲ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರದ ಬಳಿಯ ಪಾಲಿಫೈಬರ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿದವು. ರೇಯಾನ್ ಬಟ್ಟೆಗೆ ಬೇಕಾದ ಪಲ್ಪ್, ಅಂದರೆ ಮರದ ತಿರುಳಿಗಾಗಿ ನೀಲಗಿರಿ ಬೆಳೆಸುವುದು ಉದ್ದೇಶ. ಅದಕ್ಕೆ ಕೊಡಲು ಹೊರಟದ್ದು ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿ. ಕಾಗದದಲ್ಲಿ ಅದು ಪಾಳು ಭೂಮಿ. ಹಳ್ಳಿಯವರಿಗೆ ಅದು ದನ ಮೇಯುವ, ಉರುವಲು ತರುವ, ಮೇವು ಕೊಯ್ಯುವ ಜಾಗ. ಅವರನ್ನು ಯಾರೂ ಕೇಳಿರಲಿಲ್ಲ. 1987ರ ನವೆಂಬರ್ 14ರಂದು, ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ, ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತಲೇ ಅದಕ್ಕೆ ಹೆಸರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ, ಅದರ ಎಸ್.ಆರ್. ಹಿರೇಮಠರು ಅದರ ಮುಂದಾಳತ್ವ ವಹಿಸಿದ್ದರು. ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಮುಂದೆ ಆ ಕಂಪನಿಯೇ ಮುಚ್ಚಿತು.

ಇವತ್ತು ಬಟ್ಟೆ ಕಂಪನಿಗಳು ವಿಸ್ಕೋಸ್, ಅಂದರೆ ರೇಯಾನ್ ನೂಲು, ಯಾವ ಮರದಿಂದ, ಯಾರ ಭೂಮಿಯಿಂದ ಬಂತು ಅಂತ ಹುಡುಕಲು ಸಲಹೆಗಾರರನ್ನು ಇಟ್ಟುಕೊಂಡಿವೆ. ಅದೇ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಹಳ್ಳಿಯವರು ಗುದ್ದಲಿ ಹಿಡಿದು ಆಗಲೇ ಕೇಳಿದ್ದರು. ತೊಂದರೆಗೆ ಒಳಗಾಗುವವರ ಜತೆ ಮೊದಲೇ ಕೂತು ಮಾತಾಡಬೇಕು ಎಂಬ ನಿಯಮ ಡ್ಯೂ ಡಿಲಿಜೆನ್ಸ್‌ನ ಎಲ್ಲ ದಾಖಲೆಗಳಲ್ಲೂ ಇದೆ. ನಕ್ಷೆ, ಉಪಗ್ರಹ ಚಿತ್ರ ಎಷ್ಟೇ ಇದ್ದರೂ 'ಪಾಳು' ಅಂತ ಬರೆದ ಜಾಗದಲ್ಲಿ ಯಾರ ಆಕಳು ಮೇಯುತ್ತದೆ ಅಂತ ಆ ಊರವರೇ ಹೇಳಬೇಕು.

ಕಾನೂನು ಎಲ್ಲಿದೆ ಈಗ

ಫ್ರಾನ್ಸ್ 2017ರಲ್ಲಿ ಮೊದಲ ದೊಡ್ಡ ಕಾನೂನು ತಂದಿತು. ಜರ್ಮನಿಯ ಕಾನೂನು 2023ರ ಜನವರಿ 1ರಿಂದ ಕನಿಷ್ಠ 3,000, ಮರುವರ್ಷದಿಂದ ಕನಿಷ್ಠ 1,000 ನೌಕರರ ಕಂಪನಿಗಳಿಗೆ ಬಂತು. ಯುರೋಪಿಯನ್ ಒಕ್ಕೂಟ 2024ರಲ್ಲಿ ಇಡೀ ಒಕ್ಕೂಟಕ್ಕೆ ಅನ್ವಯಿಸುವ ನಿರ್ದೇಶನ ತಂದು, ಆಮೇಲೆ ಕೈಗಾರಿಕೆಗಳ ಒತ್ತಡಕ್ಕೆ ಅದನ್ನು ಬಹಳ ಸಡಿಲ ಮಾಡಿತು. 2025ರ ಕೊನೆಗೆ ಆದ ಒಪ್ಪಂದದ ಪ್ರಕಾರ 5,000ಕ್ಕೂ ಹೆಚ್ಚು ನೌಕರರು ಮತ್ತು 150 ಕೋಟಿ ಯೂರೊ ದಾಟಿದ ವಹಿವಾಟು ಇರುವ ಕಂಪನಿಗಳಿಗೆ ಮಾತ್ರ, ಅದೂ 2029ರಿಂದ. ಇದು ಹಿನ್ನಡೆ ಅಂತಲೇ ನನ್ನ ಅಭಿಪ್ರಾಯ. ಬಲವಂತದ ದುಡಿಮೆಯಿಂದ ಆದ ಮಾಲನ್ನು ಒಕ್ಕೂಟದಲ್ಲಿ ಮಾರುವಂತಿಲ್ಲ ಎಂಬ ಬೇರೆ ನಿಯಮ 2027ರ ಡಿಸೆಂಬರ್‌ನಿಂದ ಬರುತ್ತದೆ. ಅದಕ್ಕೆ ಕಂಪನಿಯ ಗಾತ್ರದ ಲೆಕ್ಕ ಇಲ್ಲ. ಮುಂಗಡ ಕೊಟ್ಟು, ಅದು ತೀರುವ ತನಕ ಬಿಟ್ಟು ಹೋಗುವಂತಿಲ್ಲ ಅಂತ ಆಳು ಇಟ್ಟುಕೊಳ್ಳುವವರು ಇದನ್ನು ಗಮನಿಸಬೇಕು. ನಮ್ಮಲ್ಲಿ 1976ರಿಂದಲೇ ಅದು ಜೀತ, ಅಪರಾಧ.

ಭಾರತದಲ್ಲಿ ಈ ಥರದ ಕಡ್ಡಾಯ ಕಾನೂನು ಇಲ್ಲ. ಕಂಪನಿಗಳು ಜವಾಬ್ದಾರಿಯಿಂದ ನಡೆದುಕೊಳ್ಳಬೇಕು ಅನ್ನುವ 2019ರ ರಾಷ್ಟ್ರೀಯ ಮಾರ್ಗಸೂಚಿ ಇದೆ. ಷೇರುಪೇಟೆಯ ದೊಡ್ಡ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ವರದಿಯಲ್ಲಿ ಮಾನವ ಹಕ್ಕು, ಪರಿಸರದ ಮಾಹಿತಿ ಕೊಡಬೇಕು. ವರದಿ ಕೊಡುವುದು ಬೇರೆ, ಹಾನಿ ತಡೆಯುವುದು ಬೇರೆ.

ದೂರು ಕೊಡುವ ದಾರಿ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಜರ್ಮನ್ ಕಾನೂನಿನ ಅಡಿ ಬರುವ ಪ್ರತಿ ಕಂಪನಿಗೂ ದೂರು ಕೇಳುವ ವ್ಯವಸ್ಥೆ ಇರಬೇಕು, ಅದು ನೇರ ಪೂರೈಕೆದಾರರ ಆಚೆಗಿನ ಕೂಲಿಯವರಿಗೂ ತೆರೆದಿರಬೇಕು. ಅಲ್ಲಿಯ ಬಾಫಾ ಎಂಬ ಸರ್ಕಾರಿ ಕಚೇರಿಗೂ ತೊಂದರೆಯಾದವರು ದೂರು ಕೊಡಬಹುದು. ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಕೂಟವಾದ ಒಇಸಿಡಿ ಕಂಪನಿಗಳಿಗೆ ಕೊಟ್ಟಿರುವ ಮಾರ್ಗಸೂಚಿಯನ್ನು ಒಪ್ಪಿದ ದೇಶಗಳಲ್ಲಿ ಇದಕ್ಕೆಂದೇ ಒಂದು ಸಂಪರ್ಕ ಕಚೇರಿ ಇದೆ. ಯವತ್ಮಾಳದ ಕುಟುಂಬಗಳು 2020ರಲ್ಲಿ ಸ್ವಿಟ್ಜರ್ಲೆಂಡಿನ ಔಷಧ ಕಂಪನಿಯೊಂದರ ವಿರುದ್ಧ ಅಲ್ಲಿಯ ಆ ಕಚೇರಿಯ ಬಾಗಿಲು ತಟ್ಟಿದ್ದು ಹೀಗೆ. ಆದರೆ ತೊಟ್ಟು ಬಿಡಿಸುವ ಹೆಂಗಸಿಗೆ ತನ್ನ ಕಾಯಿ ಯಾವ ಕಂಪನಿಗೆ ಹೋಗುತ್ತದೆ ಅಂತಲೇ ಗೊತ್ತಿರುವುದಿಲ್ಲ. ಗೋಡೆಗೆ ಅಂಟಿಸಿದ ದೂರಿನ ನಂಬರ್ ಇಂಗ್ಲಿಷ್ ಪೋಸ್ಟರ್‌ನಲ್ಲಿ ಇರುತ್ತದೆ. ಕನ್ನಡದಲ್ಲಿ ಮಾತಾಡುವ, ಮಾಲೀಕರ ಹಿಡಿತದಲ್ಲಿಲ್ಲದ ಒಬ್ಬರು ಫೋನ್ ಎತ್ತದಿದ್ದರೆ ಆ ನಂಬರ್ ಇದ್ದೂ ಇಲ್ಲದಂತೆ.

ಇಲ್ಲಿಯ ಸಣ್ಣ ಪೂರೈಕೆದಾರರಿಗೆ ನಾನು ಹೇಳುವುದು, ಫಾರಂ ತುಂಬುವಾಗ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರೆಯಿರಿ. ಲಾಟ್ ಎಲ್ಲಿ ಬೆರೆಯುತ್ತದೆ, ಕಿಲೋ ಕೂಲಿಯಲ್ಲಿ ಮಕ್ಕಳು ಹೇಗೆ ಬರುತ್ತಾರೆ ಅಂತ ವಿವರಿಸಿ. ಅದರ ಜತೆಗೇ ಕೊಳ್ಳುವ ಕಂಪನಿಗೆ ನಿಮ್ಮ ಪ್ರಶ್ನೆಗಳನ್ನೂ ಕಳಿಸಿ. ಗೋದಾಮಿಗೆ ಘಾಟು ಎಳೆಯುವ ಫ್ಯಾನ್ ಹಾಕಲು, ಕಿಲೋ ಕೂಲಿ ಬಿಟ್ಟು ದಿನಗೂಲಿಗೆ ಬರಲು ಆಗುವ ಖರ್ಚಿನಲ್ಲಿ ನಿಮ್ಮ ಪಾಲೆಷ್ಟು? ಒಂದು ವರ್ಷದ ಬದಲು ಮೂರು ವರ್ಷದ ಆರ್ಡರ್ ಕೊಡುತ್ತೀರಾ? ತೊಂದರೆ ಇದೆ ಅಂತ ನಾವೇ ಹೇಳಿದರೆ ಆರ್ಡರ್ ಉಳಿಯುತ್ತದಾ? ಕೊಳ್ಳುವವರು ದೇಶದೊಳಗಿನ ಕಂಪನಿಯಾದರೆ, ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎಂಬ ಕಾನೂನು ಇದೆ, ಅದನ್ನೂ ನೆನಪಿಸಿ. ಯುರೋಪಿನ ನಿರ್ದೇಶನದಲ್ಲೇ ಖರೀದಿ ರೀತಿ ಸರಿಪಡಿಸಿಕೊಳ್ಳಬೇಕು, ಸಣ್ಣ ಪೂರೈಕೆದಾರರಿಗೆ ನೆರವಾಗಬೇಕು ಎಂಬ ಮಾತು ಇದೆ. ಹಾಗಾಗಿ ಇದು ಬೇಡಿಕೊಳ್ಳುವ ವಿಷಯ ಅಲ್ಲ. ಈ ಮಾತುಕತೆ ಹೊಸ ಕಾಯಿ ಮಾರುಕಟ್ಟೆಗೆ ಬರುವ ಮುಂಚೆ, ಒಪ್ಪಂದ ಬರೆಯುವ ಹೊತ್ತಿಗೇ ಆಗಬೇಕು. ಮಾಲು ಕೋಲ್ಡ್ ಸ್ಟೋರೇಜ್ ಸೇರಿದ ಮೇಲೆ ಕೇಳಿದರೆ ರೇಟೂ ನಿಗದಿಯಾಗಿರುತ್ತದೆ, ತೊಟ್ಟು ಬಿಡಿಸಿ ಮುಗಿದಿರುತ್ತದೆ.